ಇರೋದೇ ನಾಲ್ಕು ದಿನ ರಜ, ಒಂದೂರಾ ಎರಡೂರಾ?

ಎರಡು ಸಿಎಲ್ ಹಾಕಿ ಅದಕ್ಕೆ ಸೆಕೆಂಡ್ ಸ್ಯಾಟರ್ಡೇ, ಭಾನುವಾರ ಸೇರಿಸಿದ್ರೆ ನಾಲ್ಕು ದಿನ. ಅಷ್ಟಕ್ಕೇ ಆಫೀಸಲ್ಲಿ ಎಲ್ಲರ ಕಣ್ಣು ನಮ್ಮ ಮೇಲೆ. ಆ ನಾಲ್ಕು ದಿನಕ್ಕೆ ಎಲ್ಲಿಗೆ ಹೋಗೋದು ಅಂತ ಮನೇಲಿ ಮಾತು ಶುರುವಾಗ್ತಿದ್ದಂಗೇ ಯಾರಾದ್ರೂ ಒಬ್ರು, ನಮ್ಮನೇಲಾದ್ರೆ ಮಂಡ್ಯದ ಮಾವ, ಈ ಮಾತು ಹೇಳೇ ಹೇಳ್ತಾರೆ: "ಹೆಂಗೂ ಅಷ್ಟು ದೂರ ಹೋಯ್ತೀವಲ್ಲ, ಪಕ್ಕದ್ದೂ ಒಂದೂರು ನೋಡ್ಕಂಡ್ ಬಂದ್ಬುಡಣ ಕಣಪ್ಪ." ಕೇಳಿದ್ರೆ ನ್ಯಾಯವಾಗೇ ಇದೆ, ಟಿಕೆಟ್ ದುಡ್ಡಂತೂ ಹೋಗಿರುತ್ತೆ, ಮತ್ತೆ ಆ ಕಡೆ ಯಾವಾಗ ಹೋಗ್ತೀವೋ ಏನೋ. ಆದ್ರೆ ಆ ಪಕ್ಕದೂರಿಗೆ ಟೈಮ್ ಎಲ್ಲಿಂದ ತರೋದು ಅಂತ ಯಾರೂ ಕೇಳಲ್ಲ. ಮೊದಲ್ನೇ ಊರಿಂದಾನೇ ಕಿತ್ಕೊಬೇಕು, ಬೇರೆ ದಾರಿ ಇಲ್ಲ.

ಮೈಸೂರಲ್ಲಿರೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ದಿನಾ ನೋಡ್ತೀವಲ್ಲ. ಒಂದೇ ದಿನದಲ್ಲಿ ಮೈಸೂರು ಮುಗಿಸಿ ರಾತ್ರಿಗೆ ಊಟಿ ಸೇರ್ಬೇಕು ಅಂತ ಬರೋ ಟಿಟಿಗಳು, ಅಂದ್ರೆ ಟೆಂಪೋ ಟ್ರಾವೆಲರ್‌ಗಳು. ಬೆಳಗ್ಗೆ ಬೆಟ್ಟ, ಆಮೇಲೆ ಅರಮನೆ, ಚಪ್ಪಲಿ ಸ್ಟ್ಯಾಂಡಲ್ಲಿ ಬಿಟ್ಟು ಒಳಗೆ ಓಡಿ, ದರ್ಬಾರ್ ಹಾಲಲ್ಲಿ ಒಂದು ಸೆಲ್ಫಿ ತಗೊಂಡು ಈಚೆ. ಅಲ್ಲಿಂದ ಝೂಗೆ ಹೋದ್ರೆ ಅವತ್ತು ಮಂಗಳವಾರ, ಗೇಟು ಹಾಕಿದೆ. ಬಂಡೀಪುರದ ರೋಡು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಹಂಗಾಗಿ ಡ್ರೈವರ್ ನಾಲ್ಕು ಗಂಟೆಯಿಂದಾನೇ "ಬೇಗ ಬನ್ನಿ ಬೇಗ ಬನ್ನಿ" ಅಂತ ಹಾರ್ನ್ ಹೊಡೀತಿರ್ತಾನೆ. ಭಾನುವಾರ ಬಂದೋರಾದ್ರೆ, ಸಂಜೆ ಅರಮನೆಗೆ ಲೈಟ್ ಹಾಕೋ ಹೊತ್ತಿಗೆ ಗುಂಡ್ಲುಪೇಟೆ ದಾಟಿರ್ತಾರೆ. ಊರಿಗೆ ಹೋಗಿ ಮೈಸೂರೂ ನೋಡಿದ್ವಿ ಊಟಿನೂ ನೋಡಿದ್ವಿ ಅಂತ ಹೇಳ್ತಾರೆ, ಪಾಪ. ನಾವು ಬೇರೆ ಊರಿಗೆ ಹೋದಾಗ ಇದನ್ನೇ ಮಾಡ್ತೀವಿ, ಆದ್ರೆ ಅಲ್ಲಿಯವರು ನಮ್ಮನ್ನ ನೋಡಿ ಏನನ್ಕೊತಾರೆ ಅಂತ ನಮಗೆ ಗೊತ್ತಾಗಲ್ಲ ಅಷ್ಟೇ.

ಸರಿ, ನಿರ್ಧಾರ ಮಾಡೋದು ಹೆಂಗೆ?

ಮೊದಲ್ನೇದಾಗಿ ದಿನ ಎಣಿಸೋದು ಬಿಡಿ, ಹೊತ್ತು ಎಣಿಸಿ. ದಿನಕ್ಕೆ ಎರಡೇ ಹೊತ್ತು ಲೆಕ್ಕ. ಬೆಳಗ್ಗೆ ತಿಂಡಿ ಆದ್ಮೇಲಿಂದ ಮಧ್ಯಾಹ್ನದ ಊಟದವರೆಗೆ ಒಂದು, ನಾಲ್ಕರ ಕಾಫಿ ಆದ್ಮೇಲಿಂದ ರಾತ್ರಿವರೆಗೆ ಇನ್ನೊಂದು. ನಡುವಿನ ಬಿಸಿಲು ಲೆಕ್ಕಕ್ಕಿಲ್ಲ, ಆ ಟೈಮಲ್ಲಿ ಯಾರೂ ನೆಟ್ಟಗೆ ಏನೂ ನೋಡಲ್ಲ, ಊಟದ ಹೋಟ್ಲು ಹುಡುಕೋದ್ರಲ್ಲೇ ಹೋಗುತ್ತೆ. ಪೇಪರ್ ಮೇಲೆ ನಾಲ್ಕು ದಿನ ಅಂದ್ರೆ ಎಂಟು ಹೊತ್ತು. ಈಗ ಮನೆ ಬಾಗಿಲಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿ ಅದರಲ್ಲಿ ಎಷ್ಟು ಉಳಿಯುತ್ತೆ ನೋಡಿ.

ಜೈಪುರ ಉದಯಪುರ ಜೋಡಿನೇ ತಗೊಳ್ಳಿ, ನಮ್ ಕಡೆ ಎಲ್ಲರ ಬಾಯಲ್ಲೂ ಇರೋದು. ಗುರುವಾರ ಹೊರಟು ಭಾನುವಾರ ವಾಪಸ್, ಫ್ಲೈಟಲ್ಲಿ. ಬೆಂಗಳೂರಿನವರಿಗೆ ಏರ್‌ಪೋರ್ಟು ಅವರೂರಲ್ಲೇ ಇದೆ, ನಮಗೆ ಹಂಗಲ್ಲ, ದೇವನಹಳ್ಳಿ ಅಂದ್ರೆ ಬೆಂಗಳೂರು ಪೂರ್ತಿ ದಾಟಿ ಆ ಕಡೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಓಪನ್ ಆದ್ಮೇಲೆ ಕೆಂಗೇರಿವರೆಗೆ ಸಲೀಸು, ಅಲ್ಲಿಂದಾಚೆ ದೇವರೇ ಗತಿ. ಫ್ಲೈಬಸ್ಸೋ ಕಾರೋ, ನಾಲ್ಕು ಗಂಟೆ ಮೇಲೇ ಇಟ್ಕೊಳ್ಳಿ. ಬೆಳಗ್ಗೆ ಹತ್ತರ ಫ್ಲೈಟ್ ಅಂದ್ರೆ ಮೈಸೂರು ಬಿಡೋದು ಮೂರು ಗಂಟೆ ರಾತ್ರೀಲಿ. ಜೈಪುರದಲ್ಲಿ ರೂಮ್ ಸೇರೋ ಹೊತ್ತಿಗೆ ಮಧ್ಯಾಹ್ನ ಎರಡು, ನಿದ್ದೆಗೆಟ್ಟ ಮುಖಗಳು. ಗುರುವಾರದ್ದು ಒಂದೇ ಹೊತ್ತು, ಅದೂ ತೂಕಡಿಸ್ಕೊಂಡು. ಭಾನುವಾರದ್ದು ಬೆಳಗಿನ ಹೊತ್ತು ಒಂದೇ, ಸಂಜೆ ಫ್ಲೈಟ್ ಆದ್ರೆ. (ಒಂದು ಪುಣ್ಯ ಏನಂದ್ರೆ ಭಾನುವಾರ ರಾತ್ರಿ ಊರಿಗೆ ಊರೇ ಬೆಂಗಳೂರು ಕಡೆ ವಾಪಸ್ ಹೋಗ್ತಿರುತ್ತೆ, ನಾವು ಎದುರು ಕಡೆಯಿಂದ ಬರ್ತೀವಿ. ಆದ್ರೂ ಮನೆ ಸೇರೋದು ನಡುರಾತ್ರಿ, ಸೋಮವಾರ ಆಫೀಸು ಇದ್ದೇ ಇದೆ.) ಒಟ್ಟು ಎಂಟರಲ್ಲಿ ಉಳಿದಿದ್ದು ಆರು.

ಈ ಆರರಲ್ಲಿ ಆಮೇರ್ ಕೋಟೆಗೆ ಒಂದು ಬೇಕೇ ಬೇಕು, ಅದು ಊರಿಂದ ಆಚೆ ಹನ್ನೊಂದು ಕಿಲೋಮೀಟರು, ಒಳಗೇ ಎಷ್ಟು ನಡೀಬೇಕು ಅಂತ ಹೋದೋರಿಗೇ ಗೊತ್ತು. ಸಿಟಿ ಪ್ಯಾಲೇಸು, ಜಂತರ್ ಮಂತರ್, ಹವಾ ಮಹಲ್ ಅಕ್ಕಪಕ್ಕ ಇರೋದ್ರಿಂದ ಒಂದು ಹೊತ್ತು. ನಾಹರ್‌ಗಢದಿಂದ ಸೂರ್ಯಾಸ್ತ ಒಂದು. ಬಾಪು ಬಜಾರಿಗೆ ಒಂದ್ಸಲ ಒಳಗೆ ಹೋದ್ರೆ ಇನ್ನೊಂದು ಹೊತ್ತು ಹೋಯ್ತು ಅಂತಾನೇ ಬರ್ಕೊಳ್ಳಿ, ಬರೇ ನೋಡ್ತೀವಿ ಅಂತ ಹೋದ್ರೂ ಅಷ್ಟೇ. ನಾಲ್ಕಾಯ್ತು. ಉಳಿದ ಎರಡಕ್ಕೆ ಉದಯಪುರ ಅಂದ್ರೆ, ಅದು ಅಲ್ಲಿಂದ ಹತ್ತತ್ರ 400 ಕಿಲೋಮೀಟರು, ರೈಲಲ್ಲಿ ಆರೇಳು ಗಂಟೆ. ಆ ಎರಡು ಹೊತ್ತೂ ದಾರಿಗೇ ಹೋಯ್ತು. ಪಿಚೋಲಾ ಕೆರೆ ದಡದಲ್ಲಿ ಕೂತು ಒಂದು ಟೀ ಕುಡಿಯೋಕೂ ಟೈಮ್ ಮಿಕ್ಕಲ್ಲ. ಅದೇ ನಿಮ್ಮ ಕೈಲಿ ಆರೋ ಏಳೋ ದಿನ ಇದ್ದು, ಜೈಪುರದಲ್ಲಿ ಇಳಿದು ಉದಯಪುರದಿಂದಾನೇ ವಾಪಸ್ ಫ್ಲೈಟ್ ಹತ್ತೋ ಹಂಗಿದ್ರೆ ಕಥೆನೇ ಬೇರೆ, ಆಗ ಕಣ್ಮುಚ್ಕೊಂಡು ಎರಡೂರು ಮಾಡಿ.

ನನ್ನ ಲೆಕ್ಕ ಇಷ್ಟೇ. ಎರಡೂರು ಅಂದ್ರೆ ಒಂದೊಂದಕ್ಕೂ ಮೂರು ಹೊತ್ತಾದ್ರೂ ಸಿಗ್ಬೇಕು, ಆ ಮೂರರಲ್ಲಿ ಒಂದು ಪೂರ್ತಿ ಸಂಜೆ ಇರ್ಬೇಕು, ಯಾಕಂದ್ರೆ ಊರಿನ ಗುಣ ತಿಳಿಯೋದು ಸಂಜೆ ಹೊತ್ತಲ್ಲೇ. ನಡುವಿನ ಓಡಾಟಕ್ಕೆ ಒಂದು ಹೊತ್ತಿಗಿಂತ ಜಾಸ್ತಿ ಹೋಗ್ಬಾರ್ದು. ಅಷ್ಟು ಸಿಗದೇ ಇದ್ರೆ ಒಂದೇ ಊರು, ಮಾತೇ ಇಲ್ಲ.

ಓಡಾಟಕ್ಕೆ ಒಂದು ಹೊತ್ತು ಯಾಕೆ, ದಾರಿ ಮೂರೇ ಗಂಟೆ ಅಲ್ವಾ ಅಂತ ಕೇಳ್ಬೋದು. ಮ್ಯಾಪಲ್ಲಿ ಮೂರೇ ಗಂಟೆ. ಆದ್ರೆ ರೂಮ್ ಖಾಲಿ ಮಾಡೋ ಬೆಳಗ್ಗೆ ಒಂದ್ಸಲ ನೆನಪಿಸ್ಕೊಳ್ಳಿ. ಐದು ಜನಕ್ಕೆ ಒಂದು ಬಾತ್‌ರೂಮು, ಕೊನೇಲಿ ಹೋದೋರಿಗೆ ಬಿಸಿನೀರಿಲ್ಲ. ಒದ್ದೆ ಟವೆಲ್ ಯಾವ ಕವರಿಗೆ ಹಾಕೋದು ಅಂತ ಒಂದು ಚರ್ಚೆ. ಬರುವಾಗ ಆರಾಮಾಗಿ ಮುಚ್ಚಿದ್ದ ಸೂಟ್‌ಕೇಸು ಈಗ ಮೇಲೆ ಕೂತ್ರೂ ಮುಚ್ಚಲ್ಲ. ಲಿಫ್ಟ್ ಹತ್ರ ಬಂದ್ಮೇಲೆ ಯಾರಿಗೋ ಚಾರ್ಜರ್ ಗ್ಯಾಪ್ಕ ಬರುತ್ತೆ, ಮಂಚದ ಹಿಂದಿನ ಪ್ಲಗ್ಗಲ್ಲೇ ಇರುತ್ತೆ ಅದು. ಕೆಳಗೆ ಬಂದ್ರೆ ಬಿಲ್ಲಲ್ಲಿ ಎರಡು ವಾಟರ್ ಬಾಟ್ಲಿ ಜಾಸ್ತಿ ಹಾಕಿರ್ತಾರೆ, ಅದಕ್ಕೆ ಹತ್ತು ನಿಮಿಷ. ಆಟೋದವನು ಲಗೇಜ್ ನೋಡಿ ಎರಡು ಆಟೋ ಬೇಕು ಅಂತಾನೆ. ಇಷ್ಟೆಲ್ಲ ಆಗಿ ಆ ಕಡೆ ಊರು ಮುಟ್ಟಿದ್ರೆ ರಿಸೆಪ್ಶನ್ನಲ್ಲಿ "ರೂಮ್ ಕ್ಲೀನ್ ಆಗ್ತಾ ಇದೆ ಸಾರ್, ಒಂದರ್ಧ ಗಂಟೆ ಕೂತ್ಕೊಳ್ಳಿ" ಅಂತಾರೆ, ಆಮೇಲೆ ಮಕ್ಕಳು ಸೋಫಾದಲ್ಲೇ ನಿದ್ದೆ. ಮೂರು ಗಂಟೆ ದಾರಿಗೆ ಆರು ಗಂಟೆ ಬಿತ್ತು.

ಹಂಗಂತ ಎರಡೂರು ಬೇಡವೇ ಬೇಡ ಅಂತಲ್ಲ. ಊರು ಬದಲಾಯಿಸೋ ಟೈಮು ಹೆಂಗೂ ಉಪಯೋಗಕ್ಕೆ ಬಾರದ ಹೊತ್ತಲ್ಲಿ ಬಿದ್ರೆ ಎರಡನೇ ಊರು ಹೆಚ್ಚುಕಮ್ಮಿ ಫ್ರೀ. ಇದಕ್ಕೆ ನನಗೆ ಬಲು ಇಷ್ಟವಾದ ಜೋಡಿ ತಂಜಾವೂರು ಮತ್ತೆ ಮಧುರೈ, ಅದೂ ಮೈಸೂರು ಮಂಡ್ಯದವರಿಗೆ ಹೇಳಿ ಮಾಡಿಸಿದಂಗಿದೆ. ತಂಜಾವೂರು, ಕುಂಭಕೋಣಂ ಕಡೆ ಹೋಗೋ ರೈಲು ಮೈಸೂರಿಂದಾನೇ ಹೊರಡುತ್ತೆ, ರಾತ್ರಿ ಮಲ್ಕೊಂಡ್ರೆ ಬೆಳಗಿನ ಜಾವ ತಂಜಾವೂರು. ವಾಪಸ್ ಬರೋಕೆ ಮಧುರೈಯಿಂದ ತೂತುಕುಡಿ ಮೈಸೂರು ಎಕ್ಸ್‌ಪ್ರೆಸ್ಸು, ಅದೂ ರಾತ್ರಿ ರೈಲೇ. ಹೋದ ದಾರೀಲೇ ವಾಪಸ್ ಬರ್ಬೇಕಾಗಿಲ್ಲ, ದೇವನಹಳ್ಳಿ ಗೋಳಿಲ್ಲ, ಆ ಎರಡು ರಾತ್ರಿ ಲಾಡ್ಜ್ ಖರ್ಚೂ ಇಲ್ಲ.

ಇನ್ನು ನಡುವಿನ ದಾರಿ. ತಂಜಾವೂರಿನ ದೊಡ್ಡ ದೇವಸ್ಥಾನ, ರಾಜರಾಜ ಚೋಳ 1010ರಲ್ಲಿ ಮುಗಿಸಿದ್ದು, ಅದನ್ನ ನೋಡೋದಿದ್ರೆ ಬೆಳಗ್ಗೆ ಬೇಗ ಇಲ್ಲಾ ಸಂಜೆ ಹೋಗ್ಬೇಕು. ಮಧ್ಯಾಹ್ನ ಆ ಕಲ್ಲುಹಾಸಿನ ಮೇಲೆ ಬರಿಗಾಲು ಇಡೋಕಾಗಲ್ಲ, ಇಟ್ರೆ ಕುಣೀತೀರ. ಅದೂ ಅಲ್ದೆ ಆ ಕಡೆ ದೇವಸ್ಥಾನಗಳು ಹನ್ನೆರಡೂವರೆ ಸುಮಾರಿಗೆ ಬಾಗಿಲು ಹಾಕಿದ್ರೆ ತೆಗೆಯೋದು ನಾಲ್ಕಕ್ಕೇ, ಮಧುರೈ ಮೀನಾಕ್ಷಿದೂ ಅದೇ ಕಥೆ. ಹಂಗಾಗಿ ಮೊದಲ ದಿನ ತಂಜಾವೂರು, ಸಂಜೆ ನಲವತ್ತು ಕಿಲೋಮೀಟರ್ ದೂರದ ಕುಂಭಕೋಣಂ ಪಕ್ಕದ ದಾರಾಸುರಂ ನೋಡ್ಕೊಂಡು ಅದೇ ರೂಮಿಗೆ ವಾಪಸ್. ಮಾರನೇ ದಿನ ಬೆಳಗ್ಗೆ ಅರಮನೆ, ಅಲ್ಲಿರೋ ಕಂಚಿನ ಮೂರ್ತಿಗಳು, ಸರಸ್ವತಿ ಮಹಲ್ ಲೈಬ್ರರಿ. ಹನ್ನೆರಡಕ್ಕೆ ಊಟ ಮಾಡಿ ಬಸ್ ಹತ್ತಿದ್ರೆ ಐದರ ಹೊತ್ತಿಗೆ ಮಧುರೈ, ದೇವಸ್ಥಾನ ಬಾಗಿಲು ತೆಗ್ದಿರುತ್ತೆ, ಬಿಸಿಲೂ ಇಳಿದಿರುತ್ತೆ. ದಾರೀಲಿ ಕಳೆದಿದ್ದು ಬರೇ ಬಿಸಿಲು. ರಾತ್ರಿ ಒಂಬತ್ತರ ಸುಮಾರಿಗೆ ಸುಂದರೇಶ್ವರನನ್ನ ಪಲ್ಲಕ್ಕಿಯಲ್ಲಿ ಮೀನಾಕ್ಷಿ ಗುಡಿಗೆ ಕರ್ಕೊಂಡೋಗ್ತಾರೆ, ದಿನಾನೂ ಇರುತ್ತೆ, ಅದನ್ನ ಮಾತ್ರ ತಪ್ಪಿಸ್ಕೋಬೇಡಿ. ಫೋನ್ ಒಳಗೆ ಬಿಡಲ್ಲ, ಕೌಂಟರಲ್ಲಿ ಕೊಟ್ಟು ಹೋಗ್ಬೇಕು. ಒಳ್ಳೇದೇ ಆಯ್ತು ಅನ್ನಿ.

ಇದೇ ತರ ಹಂಪಿ ಬಾದಾಮಿನೂ ಆಗುತ್ತೆ, ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಹೊಸಪೇಟೆಗೆ ಹೋಗಿ ಬಾದಾಮಿಯಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಲ್ಲಿ ವಾಪಸ್. ಚೆನ್ನೈ ಪುದುಚೇರಿನೂ ಪರವಾಗಿಲ್ಲ, ಸಮುದ್ರದ ಪಕ್ಕದ ಈಸಿಆರ್ ರೋಡಲ್ಲಿ ಮಹಾಬಲಿಪುರ ಮಧ್ಯದಲ್ಲೇ ಸಿಗೋದ್ರಿಂದ ದಾರಿನೇ ಒಂದು ಊರು ಆಗುತ್ತೆ. ಆದ್ರೆ ಕೊಚ್ಚಿ ಮುನ್ನಾರ್ ಹುಷಾರು. ಕಿಲೋಮೀಟರ್ ನೋಡಿದ್ರೆ 130ರ ಆಸುಪಾಸು, ಘಾಟ್ ರೋಡು, ನಾಲ್ಕು ಗಂಟೆ ಮೇಲೆ, ಹಿಂದಿನ ಸೀಟಲ್ಲಿ ಯಾರಾದ್ರೂ ಒಬ್ರು ವಾಂತಿ. ಅದನ್ನೇ ವಾಪಸ್ಸೂ ಇಳೀಬೇಕು.

ಇನ್ನೊಂದು ದಾರಿ ಇದೆ, ಜನ ಯಾಕೋ ಯೋಚ್ನೆನೇ ಮಾಡಲ್ಲ. ಎರಡನೇ ಊರಲ್ಲಿ ಉಳ್ಕೊಳ್ಳೋದೇ ಬೇಡ. ರೂಮು ಒಂದೇ ಕಡೆ ಇಟ್ಕೊಂಡು ಬೆಳಗ್ಗೆ ಹೋಗಿ ರಾತ್ರಿ ಬರೋದು. ದೆಹಲಿ ಆಗ್ರಾ ಅಂದ್ರೆ ಇದೇ ಸರಿ. ನಿಜಾಮುದ್ದೀನಿಂದ ಗತಿಮಾನ್ ರೈಲು ಎರಡು ಗಂಟೆ ಒಳಗೆ ಆಗ್ರಾ ಮುಟ್ಟಿಸುತ್ತೆ, 2016ರಿಂದ ಓಡ್ತಾ ಇದೆ, ತಾಜು ಕೋಟೆ ಎರಡೂ ನೋಡಿ ಅದೇ ದಿನ ವಾಪಸ್. ಸೂಟ್‌ಕೇಸು ದೆಹಲಿ ರೂಮಲ್ಲಿ ಹಾಯಾಗಿ ಮಲಗಿರುತ್ತೆ. ನಮ್ಮೂರಿಗೆ ನೆಂಟರು ಬಂದ್ರೆ ಶ್ರೀರಂಗಪಟ್ಟಣಕ್ಕೋ ಸೋಮನಾಥಪುರಕ್ಕೋ ಹೋಗಿ ಬನ್ನಿ ಅಂತೀವಿ, ಅಲ್ಲೇ ಲಾಡ್ಜ್ ಮಾಡಿ ಅಂತ ಹೇಳ್ತೀವಾ? ಹೋಗೋಕೆ ಎರಡೂವರೆ ಗಂಟೆ ಒಳಗಿದ್ರೆ ಅದು ಹೋಗಿ ಬರೋ ಊರು, ಅದಕ್ಕಿಂತ ಜಾಸ್ತಿ ಆದ್ರೆ ಮಾತ್ರ ಎರಡನೇ ರೂಮಿನ ಯೋಚ್ನೆ.

ಆಮೇಲೆ ವಾರದ ರಜ. ಪ್ಲಾನ್ ಕೆಡಿಸೋದು ಎಲ್ಲಕ್ಕಿಂತ ಜಾಸ್ತಿ ಇದೇ. ನಾವು ಸಾಮಾನ್ಯ ಗುರುವಾರ ಶುಕ್ರವಾರ ರಜ ಹಾಕ್ತೀವಲ್ಲ, ಅದಕ್ಕೆ ಸರಿಯಾಗಿ ಶುಕ್ರವಾರನೇ ತಾಜ್ ಮಹಲ್ ಬಾಗಿಲು ಹಾಕಿರುತ್ತೆ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಮ್ಮೂ ಶುಕ್ರವಾರ ರಜ, ಚೌಮೊಹಲ್ಲಾ ಅರಮನೆನೂ ಶುಕ್ರವಾರನೇ. ಕೊಚ್ಚಿ ಮಟ್ಟಾಂಚೇರಿಯ ಡಚ್ ಪ್ಯಾಲೇಸು ಶುಕ್ರವಾರ, ಪಕ್ಕದ ಯಹೂದಿ ಸಿನಗಾಗ್ ಶನಿವಾರ. ದೆಹಲಿ ಕೆಂಪುಕೋಟೆ ಸೋಮವಾರ. ಅಜಂತಾ ಸೋಮವಾರ ರಜ, ಎಲ್ಲೋರಾ ಮಂಗಳವಾರ ರಜ, ಹಂಗಾಗಿ ನಿಮ್ಮ ಕೈಲಿ ಸೋಮವಾರ ಮಂಗಳವಾರ ಇದ್ರೆ ಎಲ್ಲೋರಾ ಮೊದಲು ಅಜಂತಾ ಆಮೇಲೆ, ತಿರುಗಾಮುರುಗಾ ಮಾಡಿದ್ರೆ ಎರಡೂ ಇಲ್ಲ! ಒಂದೂರಲ್ಲೇ ಇದ್ರೆ ಶುಕ್ರವಾರ ಹಾಕಿದ್ರೆ ಶನಿವಾರ ನೋಡ್ಬೋದು. ಎರಡೂರು ಅಂತ ಹೊರಟ್ರೆ ಆ ಊರಿಗೆ ಸಿಕ್ಕಿದ್ದೇ ಶುಕ್ರವಾರ ಆಗಿರುತ್ತೆ, ಮುಗೀತು. ಕ್ಯಾಲೆಂಡರ್ ಪಕ್ಕದಲ್ಲಿಟ್ಕೊಂಡು ಎರಡೂ ಊರಿನ ಮುಖ್ಯ ಜಾಗಗಳ ರಜದ ದಿನ ಬರ್ದು ನೋಡಿ, ಎಷ್ಟೋ ಸಲ ಅಲ್ಲೇ ಉತ್ತರ ಸಿಕ್ಬಿಡುತ್ತೆ.

ಲೆಕ್ಕ ಎಲ್ಲ ಸರಿ, ಮನೆಯವರು ಒಪ್ಬೇಕಲ್ಲ. ಎಲ್ರನ್ನೂ ಕೂರಿಸ್ಕೊಂಡು "ಯಾವೂರಿಗೆ ಹೋಗೋಣ" ಅಂತ ಕೇಳಿದ್ರೆ ಎಲ್ರೂ ಎಲ್ಲಾ ಊರೂ ಹೇಳ್ತಾರೆ. ಹಂಗೆ ಕೇಳ್ಬೇಡಿ. ಒಬ್ಬೊಬ್ರನ್ನೇ ಬೇರೆ ಬೇರೆ ಕೇಳಿ: ಇದೊಂದು ನೋಡದೇ ವಾಪಸ್ ಬಂದ್ರೆ ಹೊಟ್ಟೆ ಉರಿಯುತ್ತೆ ಅನ್ನೋದು ಯಾವ್ದು, ಒಂದೇ ಒಂದು ಹೇಳಿ. ಎಲ್ಲರ ಉತ್ತರ ಒಂದೇ ಊರಲ್ಲಿದ್ರೆ ಎರಡನೇದನ್ನ ಎಗರಿಸಿ, ಯಾರಿಗೂ ನಷ್ಟ ಇಲ್ಲ. ಅದು ಬರೇ ಹೆಸರಿಗೆ ಪಟ್ಟಿಲಿತ್ತು ಅಷ್ಟೇ.

ಕೆಲವು ಸಲ ಇದು ಉಲ್ಟಾನೂ ಆಗುತ್ತೆ. ಮಧುರೈ ಪ್ಲಾನಲ್ಲಿ ರಾಮೇಶ್ವರ ಸುಮ್ನೆ ಸೇರ್ಕೊಂಡಿರುತ್ತೆ, ಕೇಳಿದ್ರೆ ಅತ್ತೆಗೆ ಬೇಕಾಗಿರೋದು ರಾಮೇಶ್ವರನೇ, ಮಧುರೈ ಅಲ್ಲ. ಹಂಗಿದ್ರೆ ಅದನ್ನ ಅರ್ಧ ದಿನದಲ್ಲಿ ಮುಟ್ಟಿ ಬರೋ ಊರು ಅಂತ ಇಡ್ಬೇಡಿ. ಅಲ್ಲಿ ಸಮುದ್ರಸ್ನಾನ ಆಗಿ ದೇವಸ್ಥಾನದೊಳಗಿನ 22 ತೀರ್ಥ ಆಗ್ಬೇಕು, ಒಂದೊಂದು ಬಾವಿ ಹತ್ರನೂ ಬಕೆಟ್ಟಲ್ಲಿ ಸೇದಿ ತಲೆ ಮೇಲೆ ಹುಯ್ತಾರೆ, ಒದ್ದೆ ಬಟ್ಟೇಲಿ ದರ್ಶನಕ್ಕೆ ಬಿಡಲ್ಲ, ಬಟ್ಟೆ ಬದಲಾಯಿಸಿ ಮತ್ತೆ ಕ್ಯೂ. ವಯಸ್ಸಾದೋರಿಗೆ ಇದೆಲ್ಲ ಆಗೋ ಹೊತ್ತಿಗೆ ಹನ್ನೊಂದು ಗಂಟೆ. ಹಿಂದಿನ ರಾತ್ರಿ ಅಲ್ಲೇ ಉಳ್ಕೊಂಡಿದ್ರೆ ಮಾತ್ರ ಆರಾಮು. ಮಧುರೈಯಿಂದ ಅದು 170 ಕಿಲೋಮೀಟರು, ಬೆಳಗ್ಗೆ ಎದ್ದು ಹೋಗಿ ಬರ್ತೀವಿ ಅನ್ನೋದು ಮಂಡಿ ನೋವಿಲ್ಲದೋರ ಮಾತು. ದೊಡ್ಡೋರು ಜೊತೇಲಿದ್ರೆ ನಾಲ್ಕು ದಿನಕ್ಕೆ ರೂಮ್ ಬದಲಾಯಿಸೋದು ಒಂದೇ ಸಲ, ಪುಟ್ಟ ಮಕ್ಕಳಿದ್ರೂ ಹಂಗೇ. ಹುಡುಗ್ರು ಹುಡುಗ್ರೇ ಬ್ಯಾಗ್ ಹಾಕ್ಕೊಂಡು ಹೊರಟಿದ್ರೆ ಈ ನಿಯಮ ಮರ್ತುಬಿಡಿ, ಅವರು ಬಸ್‌ಸ್ಟ್ಯಾಂಡಲ್ಲೂ ನಿದ್ದೆ ಮಾಡ್ತಾರೆ.

ಇಷ್ಟಾದ್ಮೇಲೂ ಮನಸ್ಸು ಆ ಕಡೆ ಈ ಕಡೆ ಆಡ್ತಿದ್ರೆ ಬುಕಿಂಗನ್ನ ಹಂಗೇ ಮಾಡ್ಕೊಳ್ಳಿ. ವಾಪಸ್ ಬರೋ ಟಿಕೆಟ್ ಮೊದಲು ತೆಗೀರಿ, ಭಾನುವಾರ ರಾತ್ರಿ ರೈಲು ಬೇಗ ತುಂಬೋದು. 2024ರ ನವೆಂಬರಿಂದ ರಿಸರ್ವೇಶನ್ 60 ದಿನ ಮುಂಚೆ ಮಾತ್ರ ಓಪನ್, ಮೊದಲಿನ ತರ 120 ದಿನ ಇಲ್ಲ, ಹಂಗಾಗಿ ತಾರೀಖು ಗ್ಯಾಪ್ಕ ಇಟ್ಕೊಂಡು ಅವತ್ತೇ ಕೂತ್ಕೊಳ್ಳಿ. ತಪ್ಪಿದ್ರೆ ತತ್ಕಾಲ್, ಹಿಂದಿನ ದಿನ ಎಸಿಗೆ ಹತ್ತು ಗಂಟೆಗೆ, ಸ್ಲೀಪರಿಗೆ ಹನ್ನೊಂದಕ್ಕೆ, ಆದ್ರೆ ಫ್ಯಾಮಿಲಿ ಇಟ್ಕೊಂಡು ಅದನ್ನ ನಂಬ್ಕೊಬೇಡಿ. ಮೊದಲ್ನೇ ಊರಿನ ರೂಮ್ ಒಂದು ರಾತ್ರಿ ಜಾಸ್ತಿನೇ ಹಾಕಿ, ಎರಡನೇ ಊರಿಂದು ಫ್ರೀ ಕ್ಯಾನ್ಸಲೇಶನ್ ಇರೋದನ್ನೇ ನೋಡಿ ಹಾಕಿ, ಆಗ ಅಲ್ಲಿಗೆ ಹೋದ್ಮೇಲೂ ಮನಸ್ಸು ಬದಲಾಯಿಸ್ಬೋದು. ನಡುವಿನ ಬಸ್ಸಿಗೆ ಟಿಕೆಟ್ ಮೊದಲೇ ತೆಗೆಯೋದು ಬೇಡ, ಅಲ್ಲೇ ಸಿಗುತ್ತೆ. ಕ್ಯಾನ್ಸಲ್ ಮಾಡೋಕೆ ಕೊನೇ ಟೈಮ್ ಯಾವಾಗ ಅಂತ ಬುಕಿಂಗ್ ಮೆಸೇಜಲ್ಲಿ ಇರುತ್ತೆ, ಕೆಲವರು ಒಂದಿನ ಮುಂಚೆ ಅಂತಾರೆ ಕೆಲವರು ಎರಡು ದಿನ, ಅದಕ್ಕೊಂದು ಅಲಾರಂ ಇಟ್ಕೊಂಡು ಅದು ಹೊಡ್ಕೊಂಡಾಗ ಎಲ್ಲಿದೀರೋ ಅಲ್ಲೇ ಮನೆಯವರನ್ನ ಕೇಳಿ: ಇಲ್ಲೇ ಇರೋಣ್ವಾ, ನಾಳೆ ಹೊರಡೋಣ್ವಾ?